ಬಿಕಾನೇರಿನ ಹೆಣದ ಬಯಲು

ಬಿಕಾನೇರಿಗೆ ಹೋದವರು ಜುನಾಗಢ ಕೋಟೆ ನೋಡುತ್ತಾರೆ, ಭುಜಿಯಾ ಕಟ್ಟಿಸಿಕೊಳ್ಳುತ್ತಾರೆ, ಪುರುಸೊತ್ತಿದ್ದರೆ ದೇಶನೋಕದ ಇಲಿಗಳ ಗುಡಿಗೂ ಹೋಗಿಬರುತ್ತಾರೆ. ನಾವು ಹೊರಟಿದ್ದು ಸತ್ತ ದನ, ಸತ್ತ ಒಂಟೆ ತಂದು ಸುರಿಯುವ ಬಯಲಿಗೆ. ಜೋಡ್‌ಬೀಡ್ ಅಂದ ಕೂಡಲೇ ಜೀಪಿನವನು ನನ್ನ ಹೆಂಡತಿಯ ಮುಖ ನೋಡಿದ, ನನ್ನ ಲೆನ್ಸಿನ ಚೀಲ ನೋಡಿದ. "ಅಲ್ಲಿ ವಾಸನೆ ಬಿಟ್ಟರೆ ಏನಿದೆ ಸಾಬ್?" ಅಂದ. ಬಾಡಿಗೆ ಮಾತ್ರ ಕಡಿಮೆ ಮಾಡಲಿಲ್ಲ.

ನಾನು ರಾಮನಗರದ ಕಡೆಯವನು. ನಮ್ಮ ರಾಮದೇವರ ಬೆಟ್ಟವನ್ನು 2012ರಲ್ಲಿ ಸರ್ಕಾರ ರಣಹದ್ದುಗಳ ಧಾಮ ಮಾಡಿತು. ಅಲ್ಲಿ ಉಳಿದಿರುವ ಉದ್ದಕೊಕ್ಕಿನ ರಣಹದ್ದುಗಳನ್ನು ಬೆರಳು ಮಡಿಸಿ ಎಣಿಸಬಹುದು. ಅವು ಕೂರುವುದೋ ಯಾರ ಕಾಲೂ ತಲುಪದ ಕಡಿದಾದ ಬಂಡೆಯ ಅಂಚಿನಲ್ಲಿ. ನನ್ನ ಹತ್ತಿರ ಇದ್ದ ರಣಹದ್ದಿನ ಫೋಟೋಗಳೆಲ್ಲ ಅಸಲಿಗೆ ಬಂಡೆಯ ಫೋಟೋಗಳೇ. "ಇದೋ, ಈ ಚುಕ್ಕಿ" ಎಂದು ಬೆರಳಿಟ್ಟು ತೋರಿಸಬೇಕಿತ್ತು.

ಜೋಡ್‌ಬೀಡ್ ಇರುವುದು ಊರಿನಿಂದ ಹತ್ತು ಹನ್ನೆರಡು ಕಿಲೋಮೀಟರ್ ಆಚೆ, ಒಂಟೆ ಸಂಶೋಧನಾ ಕೇಂದ್ರದ ಮಗ್ಗುಲಲ್ಲಿ. ಜನವರಿಯ ಬೆಳಿಗ್ಗೆ, ಮುಂದಿನ ಖೇಜ್ಡಿ ಮರ ಕಾಣದಷ್ಟು ಮಂಜು. ವಾಸನೆ ಮೊದಲು ಬಂತು, ನೋಟ ಆಮೇಲೆ. ಮಂಜು ತೆಳುವಾದ ಹಾಗೆ ಒಂದೊಂದು ಮರದಲ್ಲೂ ಎಲೆಗಿಂತ ಹಕ್ಕಿಯೇ ಹೆಚ್ಚು ಕಾಣತೊಡಗಿತು. ಗ್ರಿಫನ್ ರಣಹದ್ದುಗಳು ಕತ್ತು ಒಳಗೆಳೆದುಕೊಂಡು, ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾದವರ ಹಾಗೆ ಸಾಲಾಗಿ ಕೂತಿದ್ದವು. ಇವು ಬೆಳಿಗ್ಗೆ ಏಳುವುದು ತಡ. ಅಷ್ಟು ಭಾರದ ಮೈಯನ್ನು ರೆಕ್ಕೆ ಬಡಿದೇ ಮೇಲೆತ್ತುವುದು ದುಬಾರಿ ಕೆಲಸ. ನೆಲ ಕಾದು ಬಿಸಿಗಾಳಿ ಎದ್ದರೆ ಅದರ ಮೇಲೆ ಪುಕ್ಕಟೆ ಸವಾರಿ. ಹಾಗಾಗಿ ಹಕ್ಕಿ ಬಿಸಿಲಿಗೆ ಕಾಯುತ್ತದೆ. ಫೋಟೋ ತೆಗೆಯುವವನಿಗೆ ಇದೇ ಪೀಕಲಾಟ: ಹಕ್ಕಿಯನ್ನು ಎಬ್ಬಿಸುವ ಬಿಸಿಲೇ ಸ್ವಲ್ಪ ಹೊತ್ತಿಗೆ ನೆಲದಿಂದ ಕಾವಿನ ಅಲೆ ಎಬ್ಬಿಸಿ ಚಿತ್ರವನ್ನೆಲ್ಲ ಕಲಸಿಬಿಡುತ್ತದೆ. ನಡುವೆ ಸಿಗುವುದು ಒಂದೆರಡು ಗಂಟೆ.

ನೆಲದ ಮೇಲೆ ಸ್ಟೆಪ್ ಹದ್ದುಗಳು. ಕಜಕಸ್ತಾನ, ಮಂಗೋಲಿಯಾ ಕಡೆಯಿಂದ ಚಳಿಗಾಲ ಕಳೆಯಲು ಬಂದವು. ಬಾಯಿಯ ಹಳದಿ ಅಂಚು ಕಣ್ಣಿನ ಹಿಂದಿನವರೆಗೂ ಹೋಗಿದ್ದರೆ ಅದು ಸ್ಟೆಪ್ ಹದ್ದು ಎಂದು ಪುಸ್ತಕದಲ್ಲಿ ಓದಿದ್ದೆ. ಇಲ್ಲಿ ಜೀಪಿನ ಕಿಟಕಿಯಿಂದಲೇ ಕಂಡಿತು. ಹದ್ದು ಅಂದರೆ ಎರಗುವುದು, ಬೇಟೆ, ಪೌರುಷ ಎಂದುಕೊಂಡು ಬಂದವರಿಗೆ ನಿರಾಸೆಯಾದೀತು. ಸೈಬೀರಿಯಾದ ಅಂಚಿನಿಂದ ಹಾರಿಬಂದ ಮಹಾರಾಯ ಇಲ್ಲಿ ಹೆಣದ ಪಕ್ಕ ಕೂತು, ಇನ್ನೊಬ್ಬರು ಹರಿದು ಬಿಟ್ಟ ತುಣುಕಿಗೆ ಕಾಯುತ್ತಾನೆ. 2015ರಿಂದ ಅವನ ಹೆಸರು ಅಳಿವಿನಂಚಿನ ಪಟ್ಟಿಯಲ್ಲಿದೆ.

ಅಷ್ಟರಲ್ಲಿ ಟ್ರ್ಯಾಕ್ಟರ್ ಬಂತು. ಟ್ರಾಲಿಯಲ್ಲಿ ಎರಡು ಹಸು, ಒಂದು ಎಮ್ಮೆ. ಇಳಿಸಿದ್ದೇ ತಡ, ತಲೆಗೆ ಮಫ್ಲರ್ ಸುತ್ತಿದ ಮುದುಕನೊಬ್ಬ ಚೂರಿ ಹಿಡಿದು ಚರ್ಮ ಬಿಡಿಸಲು ಕೂತ. ಅವನ ಸುತ್ತ ನಾಯಿಗಳ ದಂಡು. ಊರಿನ ಬೀದಿನಾಯಿಯ ಅಳತೆಯವಲ್ಲ, ಮಾಂಸ ತಿಂದು ಕೊಬ್ಬಿ ಮನುಷ್ಯರಿಗೂ ಜಗ್ಗದವು. ಹೆಂಡತಿ ಜೀಪಿನ ಗಾಜು ಏರಿಸಿದವಳು ಕಡೆಯವರೆಗೂ ಇಳಿಸಲಿಲ್ಲ.

ಮುದುಕ ಎದ್ದು ಬದಿಗೆ ಸರಿದ ಮೇಲೆ ಬಯಲೆಲ್ಲ ಹೆಣದ ಕಡೆಗೆ ಜರುಗಿತು. ನಾಯಿ, ಕಾಗೆ, ಬಿಳಿ ರಣಹದ್ದು, ಗ್ರಿಫನ್. ಕೊನೆಗೆ ಕಪ್ಪು ರಣಹದ್ದು, ಸಿನೇರಿಯಸ್. ಬಿಚ್ಚಿದರೆ ಮೂರು ಮೀಟರಿಗೆ ಹತ್ತಿರದ ರೆಕ್ಕೆ. ಅದು ಇಳಿದು ನಾಲ್ಕು ಹೆಜ್ಜೆ ಹಾಕಿತು ಅಷ್ಟೇ, ಗ್ರಿಫನ್‌ಗಳು ದಾರಿ ಬಿಟ್ಟವು. ನಾಯಿ ಬಿಡಲಿಲ್ಲ. ಹಕ್ಕಿ ರೆಕ್ಕೆ ಎತ್ತಿ ತಲೆ ತಗ್ಗಿಸಿತು, ನಾಯಿ ಹಲ್ಲು ಕಿರಿಯಿತು, ನಡುವೆ ಎಮ್ಮೆಯ ಪಕ್ಕೆಲುಬು. ಕರಿ ಹಕ್ಕಿಗೆ ಬೆಳಕು ಹೊಂದಿಸಿದರೆ ಪಕ್ಕದ ಬಿಳಿ ರಣಹದ್ದು ಸುಣ್ಣದ ಉಂಡೆಯಾಗುತ್ತದೆ. ಬಿಳಿಗೆ ಹೊಂದಿಸಿದರೆ ಕರಿದು ಬರೀ ಗುಡ್ಡೆ. ನಾನು ಕರಿಯದನ್ನೇ ಆರಿಸಿಕೊಂಡೆ. ಆ ಚಿತ್ರದಲ್ಲಿ ನಾಯಿಯಿದೆ, ಎಲುಬಿದೆ, ಹಿಂದೆ ಟ್ರ್ಯಾಕ್ಟರಿನ ಚಕ್ರವೂ ಇದೆ. ಗೆಳೆಯರು ಅದನ್ನೆಲ್ಲ ಕತ್ತರಿಸು, ಹಕ್ಕಿಯೊಂದನ್ನೇ ಉಳಿಸು ಅನ್ನುತ್ತಾರೆ. ಕತ್ತರಿಸಿದರೆ ಹಕ್ಕಿ ಉಳಿಯುತ್ತದೆ, ಅದು ಅಲ್ಲಿಗೆ ಯಾಕೆ ಬಂತು ಎಂಬುದು ಹೋಗುತ್ತದೆ.

ಇನ್ನೊಂದು ಗಾಡಿಯಲ್ಲಿ ಬಂದವರಿಗೆ ಹಾರುವ ಹಕ್ಕಿಯ ಚಿತ್ರ ಬೇಕಿತ್ತು. ಹೊಟ್ಟೆ ತುಂಬ ತಿಂದು ಕೂತ ಗ್ರಿಫನ್‌ಗಳ ನಡುವೆ ಗಾಡಿ ನುಗ್ಗಿಸಿದರು. ತುಂಬಿದ ಹೊಟ್ಟೆಯ ರಣಹದ್ದು ಥಟ್ಟನೆ ಏಳಲಾರದು. ಎದ್ದೋಡಬೇಕಾದಾಗ ತಿಂದದ್ದನ್ನು ಕಕ್ಕಿ ಮೈ ಹಗುರ ಮಾಡಿಕೊಳ್ಳುತ್ತದೆ. ಎರಡು ಹಕ್ಕಿ ಹಾಗೇ ಮಾಡಿದವು. ಇದನ್ನು ಫೋಟೋಗ್ರಫಿ ಅನ್ನುವುದಕ್ಕಿಂತ ಊಟದೆಲೆ ಎಳೆಯುವುದು ಅನ್ನಬೇಕು.

ಚರ್ಮದ ಮುದುಕ ಬೀಡಿ ಹಚ್ಚಿಕೊಂಡು ನಮ್ಮ ಜೀಪಿನ ಹತ್ತಿರ ಬಂದ. ಅವನ ಹುಡುಗಪ್ರಾಯದಲ್ಲಿ ರಣಹದ್ದು ಇಳಿದರೆ ನಾಯಿಗೆ ಜಾಗವೇ ಇರುತ್ತಿರಲಿಲ್ಲವಂತೆ. ಅವನ ಮಾತಿಗೆ ಲೆಕ್ಕದ ಆಧಾರವೂ ಇದೆ. ನಾವು ಕಂಡ ದಂಡಿನಲ್ಲಿ ಬಹುಪಾಲು ಚಳಿಗಾಲದ ಅತಿಥಿಗಳು. ಒಂದು ಕಾಲಕ್ಕೆ ಊರೂರಿನಲ್ಲಿದ್ದ ಬಿಳಿಬೆನ್ನಿನ ರಣಹದ್ದು ಒಂದೂ ಕಾಣಲಿಲ್ಲ. ತೊಂಬತ್ತರ ದಶಕದಲ್ಲಿ ಭರತಪುರದ ಕೇವಲಾದೇವದಲ್ಲಿ ವಿಭು ಪ್ರಕಾಶ್ ಅವುಗಳ ಸಾವನ್ನು ಮೊದಲು ಗುರುತಿಸಿದರು. 1992ರಿಂದ 2007ರ ನಡುವೆ ನಮ್ಮ ದೇಶದಲ್ಲಿ ಸಾವಿರಕ್ಕೆ ಒಂದು ಉಳಿಯಿತು. ಕಾರಣ ಗೊತ್ತಾದದ್ದು 2004ರಲ್ಲಿ, ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳನ್ನು ಸೀಳಿ ನೋಡಿದಾಗ. ದನಕ್ಕೆ ನೋವಿಗೆಂದು ಚುಚ್ಚಿದ ಡೈಕ್ಲೊಫೆನಾಕ್, ಆ ದನ ಸತ್ತ ಮೇಲೆ ಹೆಣದಲ್ಲುಳಿದು, ತಿಂದ ಹಕ್ಕಿಯ ಮೂತ್ರಪಿಂಡ ಕೆಡಿಸುತ್ತಿತ್ತು. ನೂರು ಹೆಣದಲ್ಲಿ ಒಂದಕ್ಕಿಂತ ಕಡಿಮೆ ವಿಷವಾದರೂ ಇಷ್ಟು ನಾಶಕ್ಕೆ ಸಾಕು.

2006ರಲ್ಲಿ ಜಾನುವಾರುಗಳಿಗೆ ಅದನ್ನು ನಿಷೇಧಿಸಿದರು. ಮನುಷ್ಯರಿಗೆಂದು ಮಾರುವ ಡೈಕ್ಲೊಫೆನಾಕಿನ ದೊಡ್ಡ ಬಾಟಲಿಯನ್ನೇ ದನಕ್ಕೆ ಚುಚ್ಚುವುದು ನಿಲ್ಲದೆ, 2015ರಲ್ಲಿ ಆ ಬಾಟಲಿಯನ್ನು 3 ಮಿಲಿಲೀಟರಿಗೆ ಇಳಿಸಿದರು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್ ಕೂಡ ದನದ ಔಷಧಿಯ ಪಟ್ಟಿಯಿಂದ ಹೋದವು. ಮೆಲಾಕ್ಸಿಕಾಂ ಹಕ್ಕಿಗೆ ಸುರಕ್ಷಿತ, ದನದ ನೋವಿಗೂ ಆಗುತ್ತದೆ. ನಿಮ್ಮ ಕೊಟ್ಟಿಗೆಯಲ್ಲಿ ಹಸುವಿಗೆ ಜ್ವರವೋ ಬಾವೋ ಬಂದು ಡಾಕ್ಟರು ಸೂಜಿ ತೆಗೆದಾಗ, ಅದು ಯಾವ ಔಷಧಿ ಎಂದು ಒಂದು ಮಾತು ಕೇಳಿ. ಮೆಲಾಕ್ಸಿಕಾಂ ಕೊಡಿ ಅನ್ನಿ.