ನಂದಿದುರ್ಗದಿಂದ ಹಡಗುಕಟ್ಟೆಗೆ

ನಂದಿದುರ್ಗವೆಂದೊಡನೆ ಓದುಗರ ಮನಸ್ಸು ಚಿಕ್ಕಬಳ್ಳಾಪುರದ ಸಮೀಪದ ಬೆಟ್ಟದತ್ತ ಹೊರಳುವುದು ಸಹಜ. ನಾನು ಹೇಳಹೊರಟಿರುವುದು ಆ ನಂದಿದುರ್ಗವನ್ನಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಒಂದಕ್ಕೆ ಅದೇ ಹೆಸರಿತ್ತು. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಹೆಸರು ಮಾತ್ರ ಉಳಿಯಿತು. ಸಯನೈಡ್ ಮಣ್ಣಿನ ಬೂದುಬಣ್ಣದ ದಿಬ್ಬಗಳೂ, ಸಾಲುಮನೆಗಳೂ ಆ ಹೆಸರಿಗೆ ಸಾಕ್ಷಿಯಾಗಿ ನಿಂತಿವೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಬೆಂಗಳೂರಿಗಿಂತ ಮೊದಲು ಬಂದು ಬೆಳಗಿದ ನೆಲವಿದು ಎಂದರೆ ಇಂದಿನ ಮಕ್ಕಳು ನಂಬಲಾರರು.

ನನ್ನ ಹಿರಿಯಕ್ಕನನ್ನು ಕೊಟ್ಟ ಮನೆ ಅಲ್ಲಿಯದು. ಭಾವನವರು ಮೂವತ್ತು ವರ್ಷ ಗಣಿಯೊಳಗೆ ಇಳಿದು ದುಡಿದವರು. ಕಲ್ಲಿನ ಧೂಳು ಅವರ ಶ್ವಾಸಕೋಶದಲ್ಲಿ ಮನೆಮಾಡಿಕೊಂಡಿದೆ. ಸಮತಟ್ಟಾದ ದಾರಿಯಲ್ಲಿ ನೂರು ನೂರೈವತ್ತು ಹೆಜ್ಜೆ ನಡೆದರೆ ನಿಂತು ಉಸಿರು ಕೂಡಿಸಿಕೊಳ್ಳಬೇಕು; ಮೆಟ್ಟಿಲಾದರೆ ಎಂಟಕ್ಕೇ ನಿಲ್ಲಬೇಕು. ಅವರ ಮಗಳು ಅಳಿಯ ಅಂಡಮಾನಿನಲ್ಲಿದ್ದಾರೆ. ನಾವು ಪೋರ್ಟ್ ಬ್ಲೇರ್ ಎಂದು ಓದಿ ಬೆಳೆದ ಊರಿಗೆ 2024ರಿಂದ ಶ್ರೀ ವಿಜಯಪುರಂ ಎಂಬ ಹೆಸರು. ವಿಮಾನದಲ್ಲಿ ಕರೆಸಿಕೊಳ್ಳುವೆನೆಂದು ಅಳಿಯ ಹೇಳಿದಾಗ ಭಾವನವರು ಒಪ್ಪಲಿಲ್ಲ. "ಭೂಮಿ ಒಳಗೆ ಹೋಗಿ ಬಂದಾಯ್ತು ಕಣಪ್ಪ. ಒಂದ್ಸಲ ನೀರಿನ ಮೇಲೆ ಹೋಗ್ಬೇಕು" ಎಂದರು. ವೈದ್ಯರು ಪರೀಕ್ಷಿಸಿ, ಔಷಧಿ ಬರೆದುಕೊಟ್ಟು, ಹೋಗಿಬನ್ನಿ ಎಂದರು. ಏರ್ಪಾಟಿನ ಹೊಣೆ ನನ್ನ ಪಾಲಿಗೆ ಬಂತು.

ಚೆನ್ನೈಯಿಂದ ಅಂಡಮಾನಿಗೆ ಹಡಗಿನ ದಾರಿ ಸುಮಾರು 1,200 ಕಿಲೋಮೀಟರು, ಮೂರು ದಿನಗಳ ಪ್ರಯಾಣ. ಬಂಗಾರಪೇಟೆಯಿಂದ ಚೆನ್ನೈಗೆ ರೈಲಿನಲ್ಲಿ ಒಂದು ಹಗಲಿನ ದಾರಿಯೂ ಇಲ್ಲ. ಆದರೆ ಹಡಗು ರೈಲಿನಂತಲ್ಲ. ಹವೆ ಕೆಟ್ಟರೆ, ಯಂತ್ರಕ್ಕೆ ದುರಸ್ತಿ ಬಂದರೆ ದಿನವೇ ಬದಲಾದೀತು. ಆದುದರಿಂದ ಹೋಗುವಾಗ ಒಂದು ರಾತ್ರಿ, ಬರುವಾಗ ಒಂದು ರಾತ್ರಿ ಚೆನ್ನೈಯಲ್ಲಿ ತಂಗದೆ ನಿರ್ವಾಹವಿಲ್ಲ. ಮತ್ತೊಂದು ರಾತ್ರಿಯ ಬಾಡಿಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡಿರುವುದೂ ಲೇಸು. ಪಿಂಚಣಿಯಿಲ್ಲದ ಗಣಿಕಾರ್ಮಿಕನ ಮನೆಗೆ ಇದು ಹಗುರವಾದ ಖರ್ಚಲ್ಲ.

ನಾನು ಮೊದಲು ಮಾಡಿದ್ದು ತಪ್ಪು. ಪರಿಚಿತರೊಬ್ಬರು "ಬಂದರಿಗೆ ಸಮೀಪ, ಬಾಡಿಗೆಯೂ ಕಡಿಮೆ" ಎಂದು ಸೂಚಿಸಿದ ವಸತಿಗೃಹಕ್ಕೆ ದೂರವಾಣಿಯಲ್ಲೇ ಮಾತಾಡಿ ಮುಂಗಡ ಕಳುಹಿಸಿದೆ. ಎರಡು ವಾರ ಮೊದಲೇ ಒಮ್ಮೆ ನೋಡಿಬರೋಣವೆಂದು ಹೋದದ್ದು ಪುಣ್ಯವಾಯಿತು. ಕೊಠಡಿ ಮೂರನೆಯ ಅಂತಸ್ತಿನಲ್ಲಿತ್ತು. ಇದೆಯೆಂದಿದ್ದ ಲಿಫ್ಟು ಕೆಟ್ಟು ನಿಂತು, ಅದರ ಬಾಗಿಲಿಗೆ ಹಳೆಯ ಹಾಸಿಗೆಗಳನ್ನು ಒರಗಿಸಿದ್ದರು. ಸಮೀಪವೆಂದದ್ದು ಸುಳ್ಳಲ್ಲ, ಆದರೆ ಬಂದರಿಗೆ ಒಂದೇ ಬಾಗಿಲಲ್ಲ. ಆ ಗೃಹ ಬಂದರಿನ ಉತ್ತರದ ತುದಿಗೆ ಸಮೀಪ, ನಮ್ಮವರು ಹೋಗಬೇಕಾದ ಬಾಗಿಲು ದೂರ. ಮುಂಗಡ ಮರಳಿ ಬರಲಿಲ್ಲ. ಅದನ್ನು ನನ್ನ ದಕ್ಷಿಣೆಯೆಂದು ಬಿಟ್ಟುಕೊಟ್ಟೆ.

ಅಂದು ಸೆಂಟ್ರಲ್ ನಿಲ್ದಾಣದ ಮುಂದೆ ನಿಂತಾಗ ಗುಬ್ಬಿ ತೋಟದಪ್ಪನವರು ನೆನಪಾದರು. ಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ಬೆಂಗಳೂರಿಗೆ ಬಂದರೆ ನಮಗೆ ಅವರ ಛತ್ರವೇ ಗತಿ. ರೈಲಿನಿಂದಿಳಿದು ರಸ್ತೆ ದಾಟಿದರೆ ಆಯಿತು. ಕುದುರೆಗಾಡಿಯವನೊಡನೆ ಚೌಕಾಶಿಯಿಲ್ಲ, ದಾರಿ ಕೇಳುವ ಸಂಕೋಚವಿಲ್ಲ. ಗುಬ್ಬಿಯಲ್ಲಿ ಹುಟ್ಟಿ ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿ ಗಳಿಸಿದ ಆ ಶರಣಜೀವಿ, ಮಕ್ಕಳಿಲ್ಲದ ತಮ್ಮ ಸಂಪತ್ತನ್ನು ಪ್ರಯಾಣಿಕರಿಗೂ ವಿದ್ಯಾರ್ಥಿಗಳಿಗೂ ಧಾರೆಯೆರೆದರು. ಛತ್ರವು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಂದ ಉದ್ಘಾಟನೆಗೊಂಡಿತು. 1910ರಲ್ಲಿ ತೋಟದಪ್ಪನವರು ಲಿಂಗೈಕ್ಯರಾದರು. ಅವರ ದಾನವನ್ನು ಎಲ್ಲರೂ ಕೊಂಡಾಡುತ್ತಾರೆ. ನನಗೆ ದಾನಕ್ಕಿಂತಲೂ ಅವರು ಆರಿಸಿದ ಜಾಗವೇ ಹೆಚ್ಚು ಬೆರಗು ಹುಟ್ಟಿಸುತ್ತದೆ. ಅದೇ ಹಣದಲ್ಲಿ ಊರಾಚೆ ಇನ್ನೂ ವಿಶಾಲವಾದ ತೋಟವನ್ನೇ ಕೊಂಡು ಕಟ್ಟಬಹುದಿತ್ತು. ದಣಿದು ಇಳಿದವನ ಕಾಲಿನ ಲೆಕ್ಕವನ್ನು ಅವರು ಬಲ್ಲವರಾಗಿದ್ದರು. ಚೆನ್ನೈ ಸೆಂಟ್ರಲ್ಲಿನ ಎದುರಿಗೂ 1880ರ ದಶಕದಲ್ಲಿ ಸವಲೈ ರಾಮಸ್ವಾಮಿ ಮೊದಲಿಯಾರರು ಛತ್ರ ಕಟ್ಟಿಸಿದ್ದು ಇದೇ ವಿವೇಕದಿಂದ.

ಸೆಂಟ್ರಲ್ಲಿನ ಸುತ್ತ, ಪೆರಿಯಮೇಟಿನಲ್ಲೂ ವಾಲ್‌ಟ್ಯಾಕ್ಸ್ ರಸ್ತೆಯಲ್ಲೂ ಅಗ್ಗದ ವಸತಿಗೃಹಗಳಿವೆ. ರೈಲಿಗಾದರೆ ಅವೇ ಅನುಕೂಲ. ಹಿಂದಿನ ಸೌಕಾರಪೇಟೆಯಲ್ಲಿ ಮಾರವಾಡಿಗಳ ಶುದ್ಧ ಸಸ್ಯಾಹಾರವೂ ಸಿಗುತ್ತದೆ. ನಮಗೆ ಬೇಕಾದದ್ದು ಹಡಗಿನ ದಿನ ಮುಂಜಾನೆಯ ನಡಿಗೆ ಕಡಿಮೆಯಾಗುವ ಜಾಗ. ಸೆಂಟ್ರಲ್ಲಿನಿಂದ ಮೆಟ್ರೋ ರೈಲಿನಲ್ಲಿ ಹೈಕೋರ್ಟು, ಅದರ ಮುಂದಿನದೇ ಮಣ್ಣಡಿ. ಎರಡೇ ನಿಲ್ದಾಣ, ಇಳಿಯಲು ಹತ್ತಲು ಲಿಫ್ಟು. ಮಣ್ಣಡಿಯ ಬೀದಿಗಳಲ್ಲಿ ಒಂದು ಹಗಲೆಲ್ಲ ಅಲೆದೆ. ಕೇಳಬೇಕಾದದ್ದನ್ನು ಈ ಬಾರಿ ಕಲಿತಿದ್ದೆ: ನೆಲದಂತಸ್ತಿನಲ್ಲಿ ಕೊಠಡಿಯುಂಟೇ? ಬಾಗಿಲ ಮುಂದೆ ಎಷ್ಟು ಮೆಟ್ಟಿಲು? ದಿನದ ಲೆಕ್ಕ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುತ್ತದೆಯೋ, ಬಂದ ಹೊತ್ತಿನಿಂದ 24 ತಾಸೋ? ಪ್ರಾತಃಕಾಲ ಐದಕ್ಕೆ ಬಿಸಿನೀರು ಬರುವುದೇ? ಅಕ್ಕ ಸ್ನಾನ ಮಾಡಿ ಇಷ್ಟಲಿಂಗಪೂಜೆ ಮುಗಿಸದೆ ನೀರನ್ನೂ ಮುಟ್ಟುವವಳಲ್ಲ. ಕಡೆಗೆ ಒಂದು ಹಳೆಯ ಗೃಹದಲ್ಲಿ, ಮೊಗಸಾಲೆಗೆ ಹೊಂದಿದ ಕೊಠಡಿ ದಿನಕ್ಕೆ 900 ರೂಪಾಯಿಗೆ ಸಿಕ್ಕಿತು. ಗೋಡೆಯ ಸುಣ್ಣ ಉದುರಿತ್ತು, ಕಿಟಕಿಯಾಚೆ ಸಾಮಾನಿನ ಗಾಡಿಗಳ ಗದ್ದಲ. ಆದರೆ ಬಾಗಿಲಿಗೆ ಎರಡೇ ಮೆಟ್ಟಿಲು. ಅಲ್ಲಿಂದ ಹಡಗಿನವರು ಹೇಳಿದ ಬಂದರಿನ ಬಾಗಿಲಿಗೆ ನಾನೇ ಎಣಿಸಿಕೊಂಡು ನಡೆದೆ: 640 ಹೆಜ್ಜೆ. ನಡುವೆ ಕುಳಿತುಕೊಳ್ಳಲು ಒಂದು ಅಂಗಡಿಯ ಜಗಲಿ, ಒಂದು ಬೇವಿನ ಮರದ ಕಟ್ಟೆ.

ಅರವತ್ತು ದಾಟಿದ ಪಂಡಿತನೊಬ್ಬ ಪರಸ್ಥಳದ ಬೀದಿಯಲ್ಲಿ ಬಾಯಲ್ಲಿ ಲೆಕ್ಕ ಹೇಳುತ್ತಾ ನಡೆಯುವುದನ್ನು ಕಂಡವರು ಏನೆಂದುಕೊಂಡರೋ ಶಿವನೇ ಬಲ್ಲ.

ಶಿವರಾತ್ರಿ ಕಳೆದ ಮೇಲೆ ಹೊರಟೆವು. 1894ರಲ್ಲಿ ಗಣಿಗಾಗಿ ಹಾಕಿದ ಮಾರಿಕುಪ್ಪದ ಕವಲು ಹಳಿಯ ಮೇಲೆ ಬಂಗಾರಪೇಟೆಗೆ ಬಂದು, ಅಲ್ಲಿ ಚೆನ್ನೈ ಗಾಡಿ ಹಿಡಿದೆವು. ಆಟೋ ಹತ್ತೋಣವೆಂದು ಮರುದಿನ ನಾನು ಬೇಡಿದರೂ ಭಾವನವರು ಕೇಳಲಿಲ್ಲ, ನಡೆದೇ ಬರುವೆನೆಂದರು. ಜಗಲಿಯ ಮೇಲೆ ಒಮ್ಮೆ, ಬೇವಿನ ಕಟ್ಟೆಯ ಮೇಲೆ ಒಮ್ಮೆ, ಮತ್ತೊಮ್ಮೆ ನಡುಬೀದಿಯಲ್ಲೇ ಕೈಗೋಲನ್ನೂರಿ ನಿಂತರು. "ಏನು ಶಾಸ್ತ್ರಿಗಳೇ, ಮೈನಿನಲ್ಲಿ ಇಳಿಯೋಕೆ ಕೇಜ್ ಇತ್ತು. ಮೂರು ನಿಮಿಷಕ್ಕೆ ಪಾತಾಳ. ಈ ಬೀದಿ ಅದಕ್ಕಿಂತ ಉದ್ದ" ಎಂದು ನಕ್ಕರು, ನಗು ಕೆಮ್ಮಾಯಿತು. ಅಕ್ಕ ಬೆನ್ನು ನೀವುತ್ತಾ ಸುಮ್ಮನಿದ್ದಳು.

ಚೀಟಿಯಿಲ್ಲದವರಿಗೆ ಬಂದರಿನೊಳಗೆ ಪ್ರವೇಶವಿಲ್ಲ. ನಾನು ಬಾಗಿಲಲ್ಲೇ ಉಳಿದೆ. ಮುಂದಿನದನ್ನು ಅಕ್ಕ ನಾಲ್ಕು ದಿನಗಳ ಮೇಲೆ ದೂರವಾಣಿಯಲ್ಲಿ ಹೇಳಿದಳು. ಹಡಗಿಗೆ ಹತ್ತುವ ಏಣಿ ಕಡಿದಾಗಿತ್ತಂತೆ. ಹಡಗಿನವರು ಕುರ್ಚಿಯಲ್ಲಿ ಹೊತ್ತೊಯ್ಯುವೆವೆಂದರೂ ಭಾವನವರು ಬೇಡವೆಂದರಂತೆ. "ನಾಲ್ಕು ಸಲ ನಿಂತ್ರು. ಹಿಂದೆ ಇದ್ದೋರು ಯಾರೂ ಬೇಗ ಅನ್ಲಿಲ್ಲ. ಮೇಲೆ ಹೋದ ಮೇಲೆ ಕಂಬಿ ಹಿಡ್ಕೊಂಡು ತುಂಬಾ ಹೊತ್ತು ನೀರೇ ನೋಡ್ತಾ ಇದ್ರು." ಹಿಂದಿನ ದಿನ ಮೂರಂತಸ್ತಿನ ಮೆಟ್ಟಿಲಿನಲ್ಲಿ ವ್ಯಯವಾಗಬಹುದಾಗಿದ್ದ ಉಸಿರು ಆ ಏಣಿಗೆ ಒದಗಿತೆಂದು ನಾನೆಣಿಸಿದೆ.

ತಿಂಗಳ ಮೇಲೆ ಕರೆತರಲು ಹೋದೆ. ಹಡಗು ಒಂದು ದಿನ ತಡ. ಅದೇ ಗೃಹದಲ್ಲಿ ಕಾದೆ. ಮಾಲೀಕನು ಗುರುತು ಹಿಡಿದು ಅದೇ ಕೊಠಡಿಯನ್ನು ತೆಗೆದುಕೊಟ್ಟನು. ಸಂಜೆ ಬಾಗಿಲಿನಿಂದ ಹೊರಬಂದ ಭಾವನವರ ಮುಖ ಬಿಸಿಲಿಗೆ ಕಪ್ಪಾಗಿತ್ತು. ಆಟೋದವನು ಮುಂದೆ ಬಂದು ನಿಂತ.

"ಬೇಡ" ಎಂದರು, "ಬೇವಿನ ಮರದವರೆಗೂ ನಡೀತೀನಿ."