ಜಾಗಟೆ ಹಿಡಿದವರ ಕೆಲಸ

ತಾಳಮದ್ದಳೆಯಲ್ಲಿ ಅರ್ಥಧಾರಿ ಪ್ರಸಂಗವನ್ನು ಬಿಟ್ಟು ಎತ್ತಲೋ ಸಾಗಿದರೆ ಭಾಗವತರು ಗದರುವುದಿಲ್ಲ. ಜಾಗಟೆಗೊಂದು ಪೆಟ್ಟು ಕೊಟ್ಟು ಮುಂದಿನ ಪದ್ಯವನ್ನು ಎತ್ತಿಕೊಳ್ಳುತ್ತಾರೆ. ಕಾಸರಗೋಡಿನ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಯಕ್ಷಗಾನಾಸಕ್ತರ ವಾಟ್ಸಾಪ್ ಬಳಗವೊಂದನ್ನು ಕಟ್ಟಿದಾಗ ತಮ್ಮ ಕೆಲಸವೂ ಇಷ್ಟೇ ಎಂದು ಭಾವಿಸಿದ್ದರು. ನಿಯಮಗಳು ಎರಡೇ: ಯಕ್ಷಗಾನದ ಹೊರತು ಬೇರೆ ವಿಷಯ ಕೂಡದು, ವ್ಯಕ್ತಿನಿಂದೆ ಕೂಡದು.

ಮೊದಲನೆಯದನ್ನು ಪಾಲಿಸುವುದು ಕಷ್ಟವಾಗಲಿಲ್ಲ. ಮುಂಜಾನೆಯ ಹೂವಿನ ಚಿತ್ರ, ಅಡಿಕೆಯ ಧಾರಣೆ, ಮಧುಮೇಹದ ಕಷಾಯ ಎಲ್ಲವನ್ನೂ ಸದ್ದಿಲ್ಲದೆ ಅಳಿಸಿದರು. ಎರಡನೆಯದು ನಿದ್ದೆಗೆಡಿಸಿತು. ಯಾವ ಭಾಗವತರು ಮೇಲು ಎಂಬ ಮಾತು ಬಂದೊಡನೆ ಸದಸ್ಯರು ಒಬ್ಬರ ಮನೆತನವನ್ನು ಇನ್ನೊಬ್ಬರು ಎತ್ತಿ ಆಡುತ್ತಿದ್ದರು. (ರಂಗದಲ್ಲಿ ಹೀಗಳೆದುಕೊಂಡ ಕರ್ಣಾರ್ಜುನರು ವೇಷ ಕಳಚಿ ಒಟ್ಟಿಗೆ ಚಹಾ ಕುಡಿಯುತ್ತಾರೆ, ಅಭಿಮಾನಿಗಳಿಗೆ ಆ ಸೌಲಭ್ಯವಿಲ್ಲ.) “ನಿಮ್ಮ ಮೇಲೆಯೇ ಕೇಸು ಬಿದ್ದೀತು” ಎಂದು ಹೆದರಿಸಿದವರೂ ಇದ್ದರು. ಸದಸ್ಯನ ಆಕ್ಷೇಪಾರ್ಹ ಸಂದೇಶಕ್ಕೆ, ಬಳಗದ ನಿರ್ವಾಹಕನೆಂಬ ಒಂದೇ ಕಾರಣದಿಂದ ಯಾರನ್ನೂ ಹೊಣೆಯಾಗಿಸಲಾಗದೆಂದು ಕೇರಳ ಹೈಕೋರ್ಟು 2022ರ ಫೆಬ್ರವರಿಯಲ್ಲಿ ತೀರ್ಪಿತ್ತಿದೆ; ಮುಂಬಯಿ ಹೈಕೋರ್ಟಿನ ನಾಗಪುರ ಪೀಠ 2021ರಲ್ಲೇ ಇಂಥದೇ ನಿಲುವು ತಳೆದಿತ್ತು. ಕಾನೂನು ಬಿಟ್ಟರೂ ಮಾಸ್ತರರ ಮನಸ್ಸು ಅವರನ್ನು ಬಿಡಲಿಲ್ಲ.

ಒಂದು ಜೂನ್ ತಿಂಗಳಲ್ಲಿ ತಾಯಿಯೊಬ್ಬರು ಬರೆದರು: ಕನ್ನಡ ಮಾಧ್ಯಮದ ನಾಲ್ಕನೆಯ ತರಗತಿಗೆ ಕನ್ನಡ ಬಾರದ ಅಧ್ಯಾಪಿಕೆ ಬಂದಿದ್ದಾರೆ, ಗಣಿತದ ಪಾಠ ಮಕ್ಕಳಿಗೆ ಅರ್ಥವಾಗುತ್ತಿಲ್ಲ. ನಿಯಮದಂತೆ ಅಳಿಸಬೇಕಾದ ಸಂದೇಶ. ಬೆರಳು ಮುಂದಾಯಿತು, ನಿಂತಿತು. ಪದ್ಯದ ಅರ್ಥ ತಿಳಿಯುವ ಮಕ್ಕಳೇ ಇಲ್ಲದ ಊರಿನಲ್ಲಿ ಈ ಬಳಗ ಯಾರಿಗೆ? ಉಳಿಸಿದರು. ಗಂಟೆಯೊಳಗೆ ಅವರ ಹಳೆಯ ಶಿಷ್ಯನೊಬ್ಬ ಆ ಅಧ್ಯಾಪಿಕೆಯ ರೂಪ, ನಡತೆಗಳ ಬಗ್ಗೆ ಹೊಲಸು ಬರೆದು, ಅವರ ಫೋನ್ ನಂಬರನ್ನೂ ಹಾಕಿದ. ಅದನ್ನು ತಕ್ಷಣ ಅಳಿಸಿ ಅವನಿಗೆ ಕರೆ ಮಾಡಿದರು.

“ಇದು ಅನ್ಯಾಯ ಅಲ್ಲವಾ, ಮಾಸ್ಟ್ರೇ?”

“ಅನ್ಯಾಯವೇ. ಆದರೆ ಆಕೆ ಆದೇಶ ಹಿಡಿದು ಬಂದವರು, ಆದೇಶ ಬರೆದವರಲ್ಲ. ನೀನು ಬರೆದದ್ದನ್ನು ಓದಿದ ಮೇಲೆ ಮಕ್ಕಳ ಗಣಿತದ ಮಾತು ಯಾರು ಆಡುತ್ತಾರೆ ಮಾರಾಯ? ನಿನ್ನ ಮಾತೇ ಸುದ್ದಿಯಾಗುತ್ತದೆ.”

ಅವನು ಉತ್ತರಿಸದೆ ಫೋನ್ ಇಟ್ಟ. ಬಳಗದಿಂದಲೂ ಹೊರನಡೆದ. ಇಂಪಾದ ಕಂಠದವನು, ರಾತ್ರಿ ಹನ್ನೊಂದಕ್ಕೆ ಅವನು ಹಾಡಿ ಕಳುಹಿಸುತ್ತಿದ್ದ ಪದ್ಯಗಳಿಗಾಗಿ ಗಲ್ಫಿನಲ್ಲಿರುವವರೂ ಕಾಯುತ್ತಿದ್ದರು.

ಮರುದಿನ ಮಾಸ್ತರರು ಆ ತಾಯಿಯೊಡನೆ ಕುಳಿತು ಶಿಕ್ಷಣ ಇಲಾಖೆಗೆ ಮನವಿ ಬರೆದರು. ತರಗತಿ, ಮಕ್ಕಳ ಸಂಖ್ಯೆ, ಅರ್ಥವಾಗದೆ ಹೋದ ಪಾಠಗಳು, ತಾರೀಕು. ಜೊತೆಗೆ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಒದಗಿಸಲು ಯತ್ನಿಸಬೇಕೆನ್ನುವ ಸಂವಿಧಾನದ 350ಎ ವಿಧಿ. ಅಧ್ಯಾಪಿಕೆಯ ಬಗ್ಗೆ ಒಂದು ಕಟು ಶಬ್ದವೂ ಇರಲಿಲ್ಲ. ಪ್ರತಿಯನ್ನು ಬಳಗದಲ್ಲಿ ಹಾಕಿದಾಗ ಇಬ್ಬರು ಮೊದಲನೆಯ ನಿಯಮವನ್ನು ನೆನಪಿಸಿದರು. ಆ ಆಕ್ಷೇಪವನ್ನೂ ಅವರು ಅಳಿಸಲಿಲ್ಲ.

ಶಿಷ್ಯನಿಗೂ ಒಂದು ಪ್ರತಿ ಬೇರೆಯಾಗಿ ಹೋಯಿತು, ಸಹಿಗೆಂದು. ಓದಿದ್ದಾನೆಂಬ ನೀಲಿ ಗುರುತು ಬಿದ್ದಿದೆ. ಉತ್ತರ ಇನ್ನೂ ಬಂದಿಲ್ಲ.