ಸಿದ್ದೆಯ ಊರಿನಲ್ಲಿ ಕಪ್ಪಿನ ಲೆಕ್ಕ

ಭಟ್ಕಳದಿಂದ ಹೊನ್ನಾವರದ ಮೇಲೆ ಕುಮಟಾಕ್ಕೆ ಹೊರಟವರು ದಾರಿಯಲ್ಲಿ ಮೂರು ಕಡೆ ‘ಒಂದು ಕಪ್ ಚಾ’ ಕೇಳಿ ನೋಡಿ. ಒಂದೆಡೆ ಗಾಜಿನ ಲೋಟ, ಇನ್ನೊಂದೆಡೆ ಸ್ಟೀಲಿನದು, ಮತ್ತೊಂದೆಡೆ ಕಪ್ಪು-ಬಸಿ ಬಂದೀತು. ಹೆಸರು ಒಂದೇ, ಅಳತೆ ಮೂರು!

ಇಂಗ್ಲಿಷರು ತಮಗೆ ಹಿಡಿಸದ್ದನ್ನು ‘ನನ್ನ ಕಪ್ ಚಹಾ ಅಲ್ಲ’ ಎನ್ನುತ್ತಾರೆ. ನಾವು ‘ಅದು ನನಗೆ ಹೇಳಿಸಿದ್ದಲ್ಲ’ ಎಂದು ಪಾತ್ರೆಯ ಹಂಗಿಲ್ಲದೆ ಮುಗಿಸುತ್ತೇವೆ.

ಮಾತಿನಲ್ಲಿ ಇದು ನಡೆದೀತು. ಅಡುಗೆಯಲ್ಲಿ? ನಮ್ಮ ಅಜ್ಜಿಯರು ಅಕ್ಕಿಯನ್ನು ಸಿದ್ದೆಯಲ್ಲಿ ಅಳೆದವರು. ದುಬೈ, ಮುಂಬೈ ಸೇರಿದ ಮೊಮ್ಮಕ್ಕಳು ಫೋನಿನಲ್ಲಿ ಕೇಳುವುದು ‘ಎಷ್ಟು ಕಪ್?’ ಎಂದು. ಅಮೆರಿಕದ ಅಳತೆಯ ಕಪ್ ಸುಮಾರು 237 ಮಿಲಿಲೀಟರ್, ಆಸ್ಟ್ರೇಲಿಯದ್ದು 250. ನಮ್ಮ ಚಹಾದ ಕಪ್ ಸಾಮಾನ್ಯವಾಗಿ ಎರಡಕ್ಕಿಂತಲೂ ಚಿಕ್ಕದು. ಮೇಲಾಗಿ ಕಪ್ ಅಳೆಯುವುದು ಗಾತ್ರವನ್ನು, ತೂಕವನ್ನಲ್ಲ. 250 ಗ್ರಾಂ ನೀರು ಹಿಡಿಯುವ ಕಪ್ಪಿನಲ್ಲಿ ಮೈದಾ ಅದರ ಅರ್ಧದಷ್ಟು ತೂಗೀತು. ಒತ್ತಿ ತುಂಬಿದರೆ ಇನ್ನೂ ಹೆಚ್ಚು.

ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಅಳೆದರೆ ಪ್ರಮಾಣ ಕೆಡದು. ದೋಸೆಗೆ ಅಷ್ಟು ಸಾಕು. ಕೇಕಿಗೆ ಸಾಲದು. ಕಪ್ ಚಿಕ್ಕದಾಯಿತೆಂದು ಮೊಟ್ಟೆ ಚಿಕ್ಕದಾಗುವುದಿಲ್ಲವಲ್ಲ! ಅಲ್ಲಿ ತಕ್ಕಡಿಯೇ ಲೇಸು.

ಮನೆಯ ಅಟ್ಟದಲ್ಲಿ ಸಿದ್ದೆ ಇದ್ದರೆ ಕೆಳಗಿಳಿಸಿ. ಅಕ್ಕಿ ತುಂಬಿ, ತೂಗಿ, ಬರೆದಿಡಿ. ಅಳೆದ ಕೈ ಇರುವಾಗಲೇ ಬರೆದರೆ ರುಚಿಯೂ ಉಳಿದೀತು.